ಟೆಕ್ಸಸ್‌ನ ಹಳೇ ಡ್ಯಾನ್ಸ್ ಹಾಲ್‌ನಲ್ಲಿ ಸಮಾರಂಭ: ಅಡ್ವಾನ್ಸ್ ಕೊಡುವ ಮುಂಚಿನಿಂದ ಡೆಪಾಸಿಟ್ ವಾಪಸ್ ಬರುವವರೆಗೆ

ಆಸ್ಟಿನ್, ಸ್ಯಾನ್ ಆಂಟೋನಿಯೊ, ಹ್ಯೂಸ್ಟನ್ ಕಡೆ ಇರುವ ನಮ್ಮವರು ಈಗ ಆರತಕ್ಷತೆ, ಮಗುವಿನ ಮೊದಲ ಹುಟ್ಟುಹಬ್ಬ, ಅಪ್ಪನ ಷಷ್ಟಿಪೂರ್ತಿ ಎಲ್ಲಕ್ಕೂ ಹಳ್ಳಿ ಕಡೆಯ ಹಳೇ ಡ್ಯಾನ್ಸ್ ಹಾಲ್, ಅಂದರೆ ಊರವರು ಸೇರಿ ಕುಣಿಯೋಕೆಂದು ಹಿಂದೆ ಕಟ್ಟಿಕೊಂಡಿದ್ದ ಸಭಾಂಗಣ, ಹುಡುಕುತ್ತಿದ್ದಾರೆ. ರಿಪೇರಿ ಮಾಡಿ ಚೆನ್ನಾಗಿಟ್ಟಿರುವ ಮರದ ಹಾಲ್, ಫೋಟೊ ಚಂದ ಬರುತ್ತೆ, ಒಪ್ಪಿದೆ. ಆದರೆ ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಮೊದಲು ದಿನ ಗೊತ್ತು ಮಾಡುತ್ತಾರೆ, ಆಮೇಲೆ ಅಡ್ವಾನ್ಸ್ ಕೊಡುತ್ತಾರೆ, ಆಮೇಲೆ ಆಮಂತ್ರಣ ಹಂಚುತ್ತಾರೆ. ಒಳಗೆ ಹೋಮ ಮಾಡಬಹುದಾ, ಸಾರು ಬಿಸಿ ಇಡೋಕೆ ಪ್ಲಗ್ ಎಷ್ಟಿದೆ, ಶೌಚಾಲಯ ಎಷ್ಟು ಜನಕ್ಕೆ ಸಾಕಾಗುತ್ತೆ ಅನ್ನುವುದನ್ನೆಲ್ಲ ಕೊನೆಯ ತಿಂಗಳಲ್ಲಿ ಕೇಳುತ್ತಾರೆ. ಅಷ್ಟು ಹೊತ್ತಿಗೆ "ಆಗಲ್ಲ" ಎಂಬ ಉತ್ತರ ಬಂದರೆ ಮಾಡೋಕೆ ಏನೂ ಉಳಿದಿರುವುದಿಲ್ಲ.

ಊರಲ್ಲಿ ಛತ್ರ ಹಿಡಿದರೆ ಒಲೆ, ಹಂಡೆ, ಬಡಿಸುವ ಪಾತ್ರೆ, ಕಸ ಗುಡಿಸುವವರು ಎಲ್ಲ ಜೊತೆಗೇ ಬರುತ್ತಾರೆ. ಇಲ್ಲಿ ಬಾಡಿಗೆಗೆ ಸಿಗುವುದು ಗೋಡೆ, ತಗಡಿನ ಚಾವಣಿ ಮತ್ತು ಒಂದು ಒಳ್ಳೆಯ ಮರದ ನೆಲ. ಉಳಿದದ್ದು ನಿಮ್ಮ ಜವಾಬ್ದಾರಿ. ಕಟ್ಟಡ ನಿಮ್ಮ ಕಾರ್ಯಕ್ರಮಕ್ಕೆ ಬಗ್ಗುವುದಿಲ್ಲ, ಕಾರ್ಯಕ್ರಮವೇ ಕಟ್ಟಡಕ್ಕೆ ಬಗ್ಗಬೇಕು. ಹಾಗಾಗಿ ವಿಚಾರಿಸುವ ಕ್ರಮ ಹೀಗಿರಲಿ: ಮೊದಲು ಬೆಂಕಿ, ಆಮೇಲೆ ನೆಲ, ಕರೆಂಟು, ನೀರು, ಆಮೇಲೆ ದಿನ, ಎಲ್ಲಕ್ಕಿಂತ ಕೊನೆಗೆ ದುಡ್ಡು.

## ಕೈಯಲ್ಲಿ ಇರಬೇಕಾದ್ದು

50 ಅಡಿಯ ಅಳತೆ ಟೇಪು. ಚೌಕಳಿ ಹಾಳೆ, ಪೆನ್ಸಿಲ್. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಣ್ಣ ಪ್ಲಗ್ ಟೆಸ್ಟರ್ (ವೈರಿಂಗ್ ಸರಿ ಇದೆಯಾ ಎಂದು ದೀಪದಲ್ಲಿ ತೋರಿಸುತ್ತೆ). ಫೋಟೊ ತೆಗೆಯೋಕೆ ಫೋನ್. ಸಾಧ್ಯವಾದರೆ ಅಡುಗೆ ಒಪ್ಪಿಕೊಂಡಿರುವ ಕೇಟರರ್ ಕೂಡ ಜೊತೆಗೆ ಬರಲಿ. ಡೆಕೊರೇಟರ್‌ನನ್ನು ಮೊದಲ ಸಲವೇ ಕರೆದುಕೊಂಡು ಹೋಗಬೇಡಿ. ಅವರಿಗೆ ತೊಲೆ ಕಂಡರೆ ಸಾಕು, ಎಲ್ಲಿ ಏನು ನೇತುಹಾಕುವುದು ಅಂತಲೇ ಮಾತು ಶುರುವಾಗುತ್ತೆ, ನೀವು ನೋಡಬೇಕಾದ್ದು ಮರೆತೇ ಹೋಗುತ್ತೆ.

## ಹಂತ 1: ಕಾರ್ಯಕ್ರಮವನ್ನು ಹಾಳೆಯ ಮೇಲೆ ಇಳಿಸಿ

ಎಷ್ಟು ಜನ, ಎಷ್ಟು ಮಕ್ಕಳು, ಗಾಲಿಕುರ್ಚಿಯವರು ಎಷ್ಟು ಮಂದಿ, ಊಟ ಬಫೆಯೋ ಎಲೆಯೋ, ದೀಪ ಎಲ್ಲಿ, ಹೋಮ ಇದೆಯೋ ಇಲ್ಲವೋ, ನೃತ್ಯ ಯಾವುದು, ಮೈಕ್ ಎಷ್ಟು ಗಂಟೆಯವರೆಗೆ. ಇಷ್ಟನ್ನು ಒಂದು ಪುಟದಲ್ಲಿ ಬರೆಯಿರಿ. ಹಾಲ್‌ನವರಿಗೆ "ಇಂಡಿಯನ್ ವೆಡ್ಡಿಂಗ್" ಎಂದಷ್ಟೇ ಹೇಳಿದರೆ ಅವರು ಕುದುರೆ, ಡೋಲು, ರಾತ್ರಿ 1 ಗಂಟೆ ಡಿಜೆ ಇಷ್ಟನ್ನೇ ಊಹಿಸಿಕೊಳ್ಳುತ್ತಾರೆ. ನಿಮ್ಮದು ಬೆಳಗ್ಗೆ 7ಕ್ಕೆ ಧಾರೆ, ಮಧ್ಯಾಹ್ನ 3ಕ್ಕೆ ಎಲ್ಲ ಮುಗಿದು ಮನೆಗೆ ಅನ್ನುವ ಮದುವೆ ಆಗಿರಬಹುದು. ಬಿಡಿಸಿ ಹೇಳಿ.

## ಹಂತ 2: ಹಾಲ್ ಯಾರ ಕೈಯಲ್ಲಿದೆ ತಿಳಿದುಕೊಳ್ಳಿ

ಹಳೇ ಹಾಲ್‌ಗಳನ್ನು ಸುಮಾರಾಗಿ ಮೂರು ತರಹದವರು ನಡೆಸುತ್ತಾರೆ. ಕೆಲವು ಹಳೆಯ ಜರ್ಮನ್, ಚೆಕ್ ಸಂಘಗಳದ್ದು. ಕೋಮಲ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಆನ್‌ಹಾಲ್ಟ್ ಹಾಲ್ ಹಾಗೆ ಒಂದು ರೈತ ಸಂಘ ಕಟ್ಟಿಕೊಂಡಿದ್ದು. ಇಂಥ ಕಡೆ ನೋಡಿಕೊಳ್ಳುವವರು ಸಾಮಾನ್ಯವಾಗಿ ಸ್ವಯಂಸೇವಕರು. ಫೋನ್ ಎತ್ತುವುದು ಸಂಜೆಯೇ, ಮೇಲ್‌ಗೆ ಉತ್ತರ ನಿಧಾನ, ಆದರೆ ಮಾತಿಗೆ ನಿಲ್ಲುವ ಜನ. ಅವರ ವರ್ಷದ ಹಬ್ಬಗಳ ದಿನ ಹಾಲ್ ಸಿಗುವುದಿಲ್ಲ, ಆ ಪಟ್ಟಿ ಮೊದಲೇ ಕೇಳಿ.

ಎರಡನೆಯದು ದಿನವೂ ಸಂಗೀತ ನಡೆಯುವ ವ್ಯಾಪಾರದ ಜಾಗ. ನ್ಯೂ ಬ್ರಾನ್‌ಫೆಲ್ಸ್ ಪಕ್ಕದ 1878ರ ಗ್ರೀನ್ ಹಾಲ್ ಇದಕ್ಕೆ ಹೆಸರಾದದ್ದು. ಇಂಥವುಗಳ ಮುಖ್ಯ ಆದಾಯ ಬ್ಯಾಂಡು ಮತ್ತು ಬಾರು. ಶನಿವಾರ ರಾತ್ರಿ ಬಿಟ್ಟುಕೊಡಿ ಎಂದರೆ ಸುಲಭಕ್ಕೆ ಒಪ್ಪುವುದಿಲ್ಲ, ಒಪ್ಪಿದರೂ ಬೆಲೆ ಜಾಸ್ತಿ ಇರುತ್ತೆ. ವಾರದ ದಿನ ಕೇಳಿ ನೋಡಿ.

ಮೂರನೆಯದು ಮದುವೆಗೆಂದೇ ಸಜ್ಜು ಮಾಡಿರುವವು. ಎಸಿ, ವಧುವಿನ ಕೋಣೆ, ಅಡುಗೆಮನೆ ಇರುತ್ತೆ, ಅದರ ಜೊತೆಗೆ "ನಮ್ಮ ಪಟ್ಟಿಯಲ್ಲಿರುವ ಕೇಟರರ್ ಮಾತ್ರ" ಎಂಬ ಷರತ್ತೂ ಇರಬಹುದು. ಆ ಪಟ್ಟಿಯಲ್ಲಿ ಬಿಸಿಬೇಳೆಬಾತ್ ಮಾಡುವವರು ಇರುತ್ತಾರೆ ಎಂದುಕೊಳ್ಳಬೇಡಿ.

ದುಂಡಗಿನ ಹಾಲ್‌ಗಳ ಬಗ್ಗೆ ಒಂದು ಮಾತು. ಆಸ್ಟಿನ್ ಕೌಂಟಿಯ (ಆಸ್ಟಿನ್ ನಗರ ಅಲ್ಲ) ಬೆಲ್‌ವಿಲ್‌ನಲ್ಲಿರುವ 1897ರ ಟರ್ನ್‌ವೆರೈನ್, ಅಂದರೆ ಜರ್ಮನ್ ವ್ಯಾಯಾಮ ಸಂಘದ, ಹಾಲ್‌ಗೆ 12 ಬದಿ. ಇಂಥ ಹಾಲ್‌ಗಳಲ್ಲಿ ಚಾವಣಿ ಹೊರುವ ಕಂಬ ನಟ್ಟನಡುವೆ ನಿಂತಿರುತ್ತೆ. ಮಂಟಪ ಮಧ್ಯದಲ್ಲಿ, ಸುತ್ತ ಜನ ಎಂದು ಕನಸು ಕಂಡವರು ಪ್ಲಾನನ್ನೇ ತಿರುಗಿಸಬೇಕಾಗುತ್ತೆ.

## ಹಂತ 3: ಮೊದಲ ಫೋನಿನಲ್ಲೇ ಬೆಂಕಿಯ ಮಾತು ಎತ್ತಿ

ಇದನ್ನು ಯಾರೂ ಮೊದಲು ಕೇಳುವುದಿಲ್ಲ. ನೂರು ವರ್ಷ ಒಣಗಿದ ಪೈನ್ ಮರದ ಕಟ್ಟಡ ಅದು. ಒಳಗೆ ಹೋಮ ಅಂದರೆ ಬಹುತೇಕ ಕಡೆ ಉತ್ತರ ಒಂದೇ, ಇಲ್ಲ. ಅದು ನಮ್ಮ ಮೇಲಿನ ತಾತ್ಸಾರ ಅಲ್ಲ, ಅವರ ವಿಮೆಯ ಷರತ್ತು. ವಾದ ಮಾಡಿ ಪ್ರಯೋಜನ ಇಲ್ಲ.

ಹೊರಗೆ ಬಯಲಲ್ಲಿ ಮಾಡೋಣ ಅನ್ನುತ್ತೀರಾ? ಟೆಕ್ಸಸ್‌ನಲ್ಲಿ ಮಳೆ ಹೋಗಿ ಹುಲ್ಲು ಒಣಗಿದಾಗ ಕೌಂಟಿಯ ಆಡಳಿತ ಹೊರಗೆ ಬೆಂಕಿ ಹಾಕಬಾರದೆಂದು ಆದೇಶ ಹೊರಡಿಸುತ್ತೆ. ಅದಕ್ಕೆ ಬರ್ನ್ ಬ್ಯಾನ್ ಎನ್ನುತ್ತಾರೆ. ಒಂದು ಆದೇಶ 90 ದಿನದವರೆಗೂ ಇರಬಹುದು, ಮುಗಿದ ಮೇಲೆ ಮತ್ತೆ ಹೊರಡಿಸಲೂಬಹುದು. ನಿಮ್ಮ ದಿನಕ್ಕೆ ಅದು ಇರುತ್ತೋ ಇಲ್ಲವೋ ಆರು ತಿಂಗಳು ಮುಂಚೆ ಯಾರೂ ಹೇಳಲಾರರು. ಹಾಗಾಗಿ ಹೊರಗಿನ ಹೋಮಕ್ಕೆ ಹಾಲ್‌ನವರು ಒಪ್ಪಿದರೂ ಇನ್ನೊಂದು ದಾರಿ ಯೋಚಿಸಿಟ್ಟಿರಿ, ಬೆಂಕಿ ಸುರಕ್ಷತೆ ನೋಡಿಕೊಳ್ಳುವ ಕೌಂಟಿ ಫೈರ್ ಮಾರ್ಷಲ್ ಕಚೇರಿಗೂ ಒಂದು ಫೋನ್ ಹಾಕಿ.

ನನ್ನ ಅಭಿಪ್ರಾಯ ಕೇಳಿದರೆ, ಶಾಸ್ತ್ರ ದೇವಸ್ಥಾನದ ಮಂಟಪದಲ್ಲಿ, ಊಟ ಮತ್ತು ಆರತಕ್ಷತೆ ಹಾಲ್‌ನಲ್ಲಿ. ಹೋಮಕುಂಡಕ್ಕಾಗಿ ಮೂರು ತಿಂಗಳು ಮೇಲ್ ಬರೆದುಕೊಂಡು ಕೂರುವುದಕ್ಕಿಂತ ಇದು ಎಷ್ಟೋ ವಾಸಿ.

ಸಣ್ಣ ಬೆಂಕಿಗಳನ್ನೂ ಬಿಡದೆ ಕೇಳಿ: ದೀಪದ ಕಂಬ, ಕರ್ಪೂರದಾರತಿ, ಊದುಬತ್ತಿ, ಬಫೆಯ ಪಾತ್ರೆ ಕೆಳಗೆ ಹಚ್ಚುವ ಜೆಲ್ ಡಬ್ಬಿ, ಕೇಕ್ ಮೇಲಿನ ಸುರುಸುರುಬತ್ತಿ. ಕೆಲವರು ಗಾಜಿನ ಒಳಗಿನ ದೀಪಕ್ಕೆ ಒಪ್ಪುತ್ತಾರೆ, ಕರ್ಪೂರಕ್ಕೆ ಒಪ್ಪಲ್ಲ. ಒಪ್ಪಿದ್ದನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ. "ಓಹ್, ನೋ ಪ್ರಾಬ್ಲಮ್" ಎಂದು ಫೋನಿನಲ್ಲಿ ಹೇಳಿದವರು ಆ ದಿನ ಡ್ಯೂಟಿಯಲ್ಲಿ ಇರುತ್ತಾರೆ ಎಂದೇನೂ ಇಲ್ಲ ಅಲ್ವಾ?

## ಹಂತ 4: ಹೋಗಿ ನೋಡಿ, ಅಳೆಯಿರಿ

ನಿಮ್ಮ ಕಾರ್ಯಕ್ರಮ ಯಾವ ಹೊತ್ತಿಗೋ ಅದೇ ಹೊತ್ತಿಗೆ ಹೋಗಿ. ಮಧ್ಯಾಹ್ನ 3ಕ್ಕೆ ತಗಡಿನ ಕೆಳಗೆ ಇರುವ ಸೆಕೆ ಬೆಳಗ್ಗೆ 10ಕ್ಕೆ ಗೊತ್ತಾಗುವುದೇ ಇಲ್ಲ.

ನೆಲ. ಬಾಗಿ ಅಂಗೈ ಆಡಿಸಿ ನೋಡಿ. ಎದ್ದಿರುವ ಮೊಳೆ ತಲೆ, ಸಿಬಿರು, ಹಲಗೆಗಳ ನಡುವಿನ ಸಂದು, ಮೂರನ್ನೂ ಗಮನಿಸಿ. ಕೈಗೆ ನುಣ್ಣನೆಯ ಪುಡಿ ಮೆತ್ತಿದರೆ ಅದು ಧೂಳಲ್ಲ. ಜೋಡಿ ನೃತ್ಯದವರ ಬೂಟು ಸಲೀಸಾಗಿ ಜಾರಲಿ ಎಂದು ಇಲ್ಲಿ ನೆಲಕ್ಕೆ ಡ್ಯಾನ್ಸ್ ವ್ಯಾಕ್ಸ್ ಅಥವಾ ಮೆಕ್ಕೆಜೋಳದ ಹಿಟ್ಟು ಎರಚುವುದುಂಟು. ಬೂಟಿಗೆ ಸೊಗಸು, ಬರಿಗಾಲಿಗೆ ಅಪಾಯ. ಭರತನಾಟ್ಯ ಇದ್ದರೆ ಆ ವಾರ ಪುಡಿ ಹಾಕಬೇಡಿ ಎಂದು ಕೇಳಿ, ಬೆಳಗ್ಗೆ ಒಣ ಮಾಪ್ ಹೊಡೆಸಿ, ನೃತ್ಯ ಮಾಡುವ ಮಗು ಒಂದು ಸಲ ಅದೇ ನೆಲದ ಮೇಲೆ ಹೆಜ್ಜೆ ಹಾಕಿ ನೋಡಲಿ. ರೇಷ್ಮೆ ಸೀರೆಯ ನೆರಿಗೆ ಕಾಲಿಗೆ ಸಿಕ್ಕಿ ಅಜ್ಜಿಯರು ಜಾರುವುದೂ ಇಂಥ ಕಡೆಯೇ. ಒಂದು ಒಳ್ಳೆಯದೂ ಇದೆ: ತೊಲೆಗಳ ಮೇಲೆ ಕೂರಿಸಿದ ಮರದ ನೆಲ ಸ್ವಲ್ಪ ಪುಟಿಯುತ್ತೆ, ಕಾಂಕ್ರೀಟಿನ ಮೇಲೆ ತಟ್ಟಡವು (ಪಾದ ಬಡಿಯುವ ಭರತನಾಟ್ಯದ ಹೆಜ್ಜೆ) ಹೊಡೆದು ಹಿಮ್ಮಡಿ ನೋಯಿಸಿಕೊಳ್ಳುವ ಮಕ್ಕಳಿಗೆ ಇದು ಹಬ್ಬ.

ಜಾಗ. ಬಾಗಿಲ ಹತ್ತಿರ ಇಷ್ಟೇ ಜನ ಎಂಬ ಬೋರ್ಡು ಇರುತ್ತೆ. ಅದರ ಫೋಟೊ ತೆಗೆಯಿರಿ. ಆ ಸಂಖ್ಯೆ ನೋಡಿ ಖುಷಿಪಡಬೇಡಿ, ಮೇಜು ಕುರ್ಚಿ ಹಾಕಿದರೆ ಅಷ್ಟು ಜನ ಹಿಡಿಯುವುದಿಲ್ಲ. ಕೈಲೆಕ್ಕ ಹೀಗೆ ಮಾಡಿ: 60 ಇಂಚಿನ ದುಂಡು ಮೇಜಿಗೆ ಆರಾಮಾಗಿ 8 ಜನ. ಕುರ್ಚಿ, ಓಡಾಟ ಸೇರಿ ಒಂದು ಮೇಜಿಗೆ 100 ಚದರಡಿ ಹಿಡಿಯಿರಿ. 200 ಜನಕ್ಕೆ 25 ಮೇಜು, ಅಂದರೆ 2,500 ಚದರಡಿ. ವೇದಿಕೆ, ಬಫೆ ಸಾಲು, ಕುಣಿಯುವ ಜಾಗ, ಡಿಜೆ ಮೇಜು ಎಲ್ಲ ಇದರ ಹೊರಗೆ. ಎಲೆ ಊಟ ಆದರೆ ಲೆಕ್ಕ ಬೇರೆ. ಬಡಿಸುವವರು ಎದುರಿನಿಂದ ಬರಬೇಕು, ಹಾಗಾಗಿ 8 ಅಡಿಯ ಉದ್ದ ಮೇಜಿಗೆ ಒಂದೇ ಬದಿಯಲ್ಲಿ 4 ಜನ. 50 ಜನರ ಒಂದು ಪಂಕ್ತಿಗೆ 13 ಮೇಜು ಬೇಕು. ಮಕ್ಕಳೂ ತಲೆ ಲೆಕ್ಕಕ್ಕೆ ಸೇರುತ್ತಾರೆ. ತೊಡೆ ಮೇಲಿನ ಕೂಸೂ ಸೇರಿ.

ಕರೆಂಟು. ಸಮಾರಂಭ ಹದಗೆಡುವುದು ಜಾಸ್ತಿ ಇಲ್ಲೇ. ಇಲ್ಲಿನ ಮಾಮೂಲಿ ಪ್ಲಗ್ 120 ವೋಲ್ಟಿನದು, ಹಿಂದೆ 15 ಅಥವಾ 20 ಆಂಪ್ ಬ್ರೇಕರ್, ಅಂದರೆ ಲೋಡ್ ಜಾಸ್ತಿಯಾದರೆ ಕರೆಂಟು ಕಡಿಯುವ ಸ್ವಿಚ್, ಇರುತ್ತೆ. 20 ಆಂಪ್ ಅಂದರೆ 2,400 ವಾಟ್. ಗಂಟೆಗಟ್ಟಲೆ ಓಡಿಸುವಾಗ ಅದರ ಶೇ 80, ಅಂದರೆ ಸುಮಾರು 1,900 ವಾಟ್ ದಾಟಬಾರದು. ದೊಡ್ಡ ಕಾಫಿ ಅರ್ನ್ (ಕಾಫಿ ಕಾಯಿಸಿ ಬಿಸಿ ಇಡುವ ಪಾತ್ರೆ) 1,500 ವಾಟ್ ಎಳೆಯುತ್ತೆ, ಹುಳಿ ಬಿಸಿ ಇಡುವ ರೋಸ್ಟರ್ ಓವನ್ ಸುಮಾರು 1,450. ಎರಡೂ ಒಂದೇ ಲೈನಿಗೆ ಬಿದ್ದರೆ ಟಪ್ ಅಂತ ಹೋಗುತ್ತೆ. ತಮಾಷೆ ಏನೆಂದರೆ ಗೋಡೆಯ ಮೇಲೆ ಆರು ಪ್ಲಗ್ ಕಂಡರೂ ಆರೂ ಒಂದೇ ಬ್ರೇಕರಿಗೆ ಸೇರಿರಬಹುದು. ವಧುವಿನ ಕೋಣೆಯಲ್ಲಿ 1,875 ವಾಟಿನ ಹೇರ್ ಡ್ರೈಯರ್ ಶುರು ಮಾಡಿದ ತಕ್ಷಣ ಅಡುಗೆಮನೆಯಲ್ಲಿ ಕಾಫಿ ತಣ್ಣಗಾಗುವುದು ಇದಕ್ಕೇ.

ಬ್ರೇಕರ್ ಪೆಟ್ಟಿಗೆ ತೆರೆದು ತೋರಿಸಿ ಎನ್ನಿ. ಯಾವ ಬ್ರೇಕರ್ ಯಾವ ಗೋಡೆಗೆ ಎಂದು ಬರೆದುಕೊಂಡು ನಿಮ್ಮ ಚೌಕಳಿ ಹಾಳೆಯ ಮೇಲೆ ಗುರುತು ಹಾಕಿ. ಬಿಸಿ ಮಾಡುವ ಒಂದೊಂದು ಸಾಮಾನಿಗೂ ಬೇರೆ ಬೇರೆ ಲೈನು, ಡಿಜೆಗೆ ಪ್ರತ್ಯೇಕ ಲೈನು. ಸಾಲದಿದ್ದರೆ ಜನರೇಟರ್, ಅದೂ ಕಟ್ಟಡದಿಂದ ದೂರ, ಕಿಟಕಿ ಬಾಗಿಲಿನ ಕಡೆಗೆ ಹೊಗೆ ಬರದ ಹಾಗೆ.

ಪೆಟ್ಟಿಗೆ ತೋರಿಸೋಕೆ ಹಿಂದೆಮುಂದೆ ನೋಡುತ್ತಿದ್ದಾರಾ? ಪ್ಲಗ್ ಟೆಸ್ಟರಿನಲ್ಲಿ ಸಾಲಾಗಿ ತಪ್ಪು ದೀಪ ಬರುತ್ತಿದೆಯಾ? ಹಾಗಾದರೆ ಬೇರೆ ಹಾಲ್ ನೋಡಿ.

ನೀರು, ಶೌಚಾಲಯ. ಹಳ್ಳಿ ಕಡೆಯ ಹಾಲ್‌ಗೆ ಎಷ್ಟೋ ಸಲ ಬೋರ್‌ವೆಲ್ ನೀರು, ಸೆಪ್ಟಿಕ್ ಟ್ಯಾಂಕ್. 250 ಜನ ಒಂದೇ ಮಧ್ಯಾಹ್ನ ಬಳಸಿದರೆ ಅದು ತಡೆಯಬೇಕು. ಕೊನೆಯ ಸಲ ಯಾವಾಗ ಖಾಲಿ ಮಾಡಿಸಿದ್ದು ಎಂದು ನಾಚಿಕೊಳ್ಳದೆ ಕೇಳಿ. ಶೌಚಾಲಯ ಹೊರಗಡೆ ಇದ್ದರೆ ವಯಸ್ಸಾದವರಿಗೆ ಮೆಟ್ಟಿಲು ಎಷ್ಟು, ರಾತ್ರಿ ದೀಪ ಇದೆಯಾ ನೋಡಿ. ಅನುಮಾನ ಬಂದರೆ ಟ್ರೈಲರ್ ಶೌಚಾಲಯ ಬಾಡಿಗೆಗೆ ತರಿಸಿ, ಆ ಖರ್ಚನ್ನು ಈಗಲೇ ಲೆಕ್ಕಕ್ಕೆ ಸೇರಿಸಿ.

ಸದ್ದು, ಗಾಳಿ, ಕೆಸರು. ತಗಡಿನ ಮೇಲೆ ಜೋರು ಮಳೆ ಬಿದ್ದರೆ ಮೈಕಿನ ಮಾತು ಕೇಳಿಸುವುದಿಲ್ಲ. ಎಸಿ ಇಲ್ಲದ ಹಾಲ್‌ಗಳಲ್ಲಿ ಪಕ್ಕದ ಗೋಡೆಯ ಮರದ ಮುಚ್ಚಳಗಳನ್ನು ಕೋಲು ಕೊಟ್ಟು ಎತ್ತಿಟ್ಟಿರುತ್ತಾರೆ. ಗಾಳಿ ಚೆನ್ನಾಗಿ ಆಡುತ್ತೆ, ಅದೇ ಗಾಳಿಗೆ ದೀಪ ಆರುತ್ತೆ, ಬಾಳೆ ಎಲೆ ಮಗುಚುತ್ತೆ. ವಾಹನ ನಿಲ್ಲಿಸುವುದು ಹುಲ್ಲಿನ ಮೇಲಾದರೆ ಮಳೆ ಬಂದ ಮರುದಿನ ಒಂದು ಸಲ ಹೋಗಿ ನೋಡಿ. ಮಧ್ಯ ಟೆಕ್ಸಸ್‌ನ ಕಪ್ಪು ಜೇಡಿಮಣ್ಣಿನಲ್ಲಿ ಮೈಸೂರು ಸಿಲ್ಕ್ ಉಟ್ಟು ನಡೆಯುವುದು ಹುಡುಗಾಟ ಅಲ್ಲ.

## ಹಂತ 5: ದಿನ ಮತ್ತು ಮುಹೂರ್ತ

ಜುಲೈ, ಆಗಸ್ಟ್‌ನಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್, ದಾಟುವುದು ಇಲ್ಲಿ ಮಾಮೂಲು. ಎಸಿ ಇಲ್ಲದ ಹಾಲ್ ಆದರೆ ಆ ಎರಡು ತಿಂಗಳು ಮರೆತುಬಿಡಿ. ಬಾಡಿಗೆ ಕಡಿಮೆ ಹೇಳುತ್ತಾರೆ, ಕಾರಣ ಅದೇ.

ಅಕ್ಟೋಬರ್, ನವೆಂಬರ್ ಹವೆ ಚೆನ್ನ. ಆದರೆ ಎಲ್ಲರಿಗೂ ಅದೇ ಬೇಕು. ಫ್ರೆಡ್ರಿಕ್ಸ್‌ಬರ್ಗ್‌ನಲ್ಲಿ ಅಕ್ಟೋಬರ್‌ಫೆಸ್ಟ್, ಆಸ್ಟಿನ್‌ನಲ್ಲಿ ಎರಡು ವಾರಾಂತ್ಯದ ದೊಡ್ಡ ಸಂಗೀತೋತ್ಸವ, ಅದರ ಹಿಂದೆಯೇ ಫಾರ್ಮುಲಾ 1 ರೇಸ್. ನವೆಂಬರ್ ಮೊದಲ ಭಾಗದಲ್ಲಿ ನ್ಯೂ ಬ್ರಾನ್‌ಫೆಲ್ಸ್‌ನ ವುರ್ಸ್ಟ್‌ಫೆಸ್ಟ್ ಎಂಬ ಜರ್ಮನ್ ಸಾಸೇಜ್ ಹಬ್ಬ. ಸರಿಯಾಗಿ ನಮ್ಮ ರಾಜ್ಯೋತ್ಸವದ ಹೊತ್ತಿಗೇ! ಹಾಲ್ ಸಿಕ್ಕಿ ಹೋಟೆಲ್ ಸಿಗದೆ ಒದ್ದಾಡುವವರು ಇದ್ದಾರೆ. ಜಿಂಕೆ ಬೇಟೆಯ ಋತುವೂ ನವೆಂಬರ್ ಮೊದಲ ಶನಿವಾರ ಶುರುವಾಗುವುದರಿಂದ ಹಿಲ್ ಕಂಟ್ರಿಯ (ಮಧ್ಯ ಟೆಕ್ಸಸ್‌ನ ಗುಡ್ಡಗಾಡು) ಸಣ್ಣ ಊರುಗಳ ಲಾಡ್ಜ್‌ಗಳೂ ತುಂಬಿರುತ್ತವೆ. ಅಡ್ವಾನ್ಸ್ ಕೊಡುವ ಮುಂಚೆ ಹೋಟೆಲ್ ಕೋಣೆಗಳನ್ನು ನೋಡಿ.

ಮುಹೂರ್ತ ಊರಿನ ಪಂಚಾಂಗದಿಂದ ತರಿಸಿ ಗಡಿಯಾರದ ಗಂಟೆಯನ್ನಷ್ಟೇ ಬದಲಾಯಿಸಿಕೊಂಡರೆ ಆಗುವುದಿಲ್ಲ. ಲಗ್ನ ಆಯಾ ಜಾಗದ ಸೂರ್ಯೋದಯದ ಮೇಲೆ ಹೋಗುತ್ತೆ. ಇಲ್ಲಿನ ಪುರೋಹಿತರನ್ನೇ ಕೇಳಿ. ಮಾರ್ಚ್ ಎರಡನೇ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಸರಿಯುತ್ತೆ, ಆ ಬೆಳಗ್ಗೆಗಳನ್ನು ಬಿಟ್ಟರೆ ಒಳ್ಳೆಯದು. ಬೆಳಗ್ಗೆ 7ಕ್ಕೆ ಮುಹೂರ್ತ, ಹಾಲ್ ಬಾಗಿಲು ತೆಗೆಯುವುದು 9ಕ್ಕೆ ಎಂದಾದರೆ ಹಿಂದಿನ ದಿನವನ್ನೂ ಬಾಡಿಗೆಗೆ ಹಿಡಿಯಲೇಬೇಕು. ಇದನ್ನು ಆಮೇಲೆ ಕೇಳಿದರೆ ಆ ಹಿಂದಿನ ದಿನ ಬೇರೆಯವರಿಗೆ ಹೋಗಿರುತ್ತೆ.

## ಹಂತ 6: ಕರಾರು, ವಿಮೆ, ಮದ್ಯ

ಬಾಡಿಗೆ ಬೇರೆ, ಡ್ಯಾಮೇಜ್ ಡೆಪಾಸಿಟ್ ಬೇರೆ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿ. "12 ಗಂಟೆ" ಎಂದಿದ್ದರೆ ಅಲಂಕಾರ ಕಟ್ಟುವ ಹೊತ್ತು, ಬಿಚ್ಚುವ ಹೊತ್ತು ಅದರಲ್ಲೇ ಸೇರಿದೆಯಾ ನೋಡಿ. ಸಾಮಾನ್ಯವಾಗಿ ಸೇರಿರುತ್ತೆ. ಕುರ್ಚಿ ಮೇಜು ಎಷ್ಟು ಕೊಡುತ್ತಾರೆ, ಯಾರು ಹಾಕುತ್ತಾರೆ, ಯಾರು ಗುಡಿಸುತ್ತಾರೆ, ಕಸ ಎಲ್ಲಿಗೆ ಒಯ್ಯಬೇಕು, ಸಂಗೀತ ಎಷ್ಟಕ್ಕೆ ನಿಲ್ಲಬೇಕು, ಪ್ರವಾಹ ಬಂದು ರಸ್ತೆ ಮುಚ್ಚಿದರೆ ದುಡ್ಡು ವಾಪಸ್ಸಾ ಅಥವಾ ದಿನ ಬದಲಾವಣೆಯಾ.

ಒಂದು ದಿನದ ಈವೆಂಟ್ ವಿಮೆ ಕೇಳುವುದು ಇಲ್ಲಿ ರೂಢಿ. 10 ಲಕ್ಷ ಡಾಲರ್ ಹೊಣೆಗಾರಿಕೆಯ ಪಾಲಿಸಿ, ಅದರಲ್ಲಿ ಹಾಲ್‌ನವರ ಹೆಸರೂ ಸೇರಿರಬೇಕು ಎನ್ನುತ್ತಾರೆ. ಹೆಸರನ್ನು ಕರಾರಿನಲ್ಲಿ ಇರುವಂತೆಯೇ ಅಕ್ಷರಕ್ಷರ ಬರೆಸಿ. ಕೇಟರರ್, ಡಿಜೆ ತಮ್ಮದೇ ವಿಮೆಯ ಪತ್ರ ಕೊಡಬೇಕಾಗಬಹುದು. ಮನೆಯಲ್ಲಿ ಅಡುಗೆ ಮಾಡಿ ಕಳಿಸುವ ಪರಿಚಯದವರ ಹತ್ತಿರ ಇದು ಇರುವುದಿಲ್ಲ, ಅದನ್ನು ಈಗಲೇ ವಿಚಾರಿಸಿ.

ಮದ್ಯ ಇದ್ದರೆ: 21 ವರ್ಷದ ಒಳಗಿನವರಿಗೆ ಇಲ್ಲ. ಖಾಸಗಿ ಸಮಾರಂಭದಲ್ಲಿ ನೀವೇ ತಂದು ಪುಕ್ಕಟೆ ಕೊಟ್ಟರೆ ಸಾಮಾನ್ಯವಾಗಿ ಪರ್ಮಿಟ್ ಬೇಡ. ದುಡ್ಡು ತಗೊಂಡರೆ ಬೇಕು. ಸಂಘದ ಕಾರ್ಯಕ್ರಮದವರು ಇಲ್ಲಿ ಹುಷಾರಾಗಿರಿ, ಟಿಕೆಟ್ ಬೆಲೆಯಲ್ಲೇ ಬಿಯರ್ ಸೇರಿಸಿದರೂ ಅದು ಮಾರಿದ ಹಾಗೇ. ಹಾಲ್‌ಗೇ ಲೈಸೆನ್ಸ್ ಇದ್ದರೆ ಹೊರಗಿನಿಂದ ತರೋಕೆ ಬಿಡದಿರಬಹುದು. ಸುರಿದುಕೊಡುವವರಿಗೆ ಟೆಕ್ಸಸ್ ಆಲ್ಕೋಹಾಲ್ ಮಂಡಳಿ ಒಪ್ಪಿದ ತರಬೇತಿ ಪತ್ರ ಇರಬೇಕೆಂದು ಬಹಳ ಹಾಲ್‌ಗಳು ಹಟ ಹಿಡಿಯುತ್ತವೆ.

ದೂರ ಉಳಿಯಬೇಕಾದ ಸೂಚನೆಗಳು: ಕರಾರು ಪತ್ರವೇ ಇಲ್ಲದಿರುವುದು, ಇವತ್ತೇ ನಗದು ಕೊಟ್ಟರೆ ಮಾತ್ರ ಎನ್ನುವುದು, ಜನಸಂಖ್ಯೆಯ ಬೋರ್ಡು ಕಾಣದಿರುವುದು, ಹಿಂದಿನ ಬಾಗಿಲಿಗೆ ಸರಪಳಿ ಬೀಗ ಹಾಕಿರುವುದು. ಕೊನೆಯದು ಕಂಡರೆ ಮಾತು ಮುಂದುವರಿಸಲೇ ಬೇಡಿ.

ಇಷ್ಟೂ ಮುಗಿದ ಮೇಲೆ ಅಡ್ವಾನ್ಸ್. ಅದಾದ ಮೇಲೆ ಆಮಂತ್ರಣ.

## ಹಂತ 7: ಅಡುಗೆ ಮತ್ತು ಅಲಂಕಾರ

ಲೈವ್ ದೋಸೆ ಬೇಕೆಂದರೆ ಗ್ಯಾಸ್ ಸಿಲಿಂಡರ್ ಹೊರಗೇ ಇರಬೇಕು. ಕಟ್ಟಡದಿಂದ ಎಷ್ಟು ದೂರ, ಟೆಂಟ್ ಕೆಳಗೆ ಇಡಬಹುದಾ ಎಂಬುದನ್ನು ಹಾಲ್‌ನವರು ಬೆರಳು ಮಾಡಿ ತೋರಿಸಲಿ. ಕರಿದ ಎಣ್ಣೆ, ಉಳಿದ ಸಾರು ಸಿಂಕಿಗೆ ಸುರಿಯಬಾರದು. ಮುಚ್ಚಳ ಇರುವ ಬಕೆಟ್‌ಗಳನ್ನು ತಂದು ತುಂಬಿಕೊಂಡು ಹೋಗಿ.

ನೆಲಕ್ಕೆ ನಮ್ಮ ಶತ್ರು ಅರಿಶಿನ. ಮರಕ್ಕೆ ಅರಿಶಿನದ ನೀರು ಬಿದ್ದರೆ ಹಳದಿ ಕಲೆ ಹೋಗುವುದಿಲ್ಲ, ಡೆಪಾಸಿಟ್ ಹೋಗುತ್ತೆ. ಕುಂಕುಮ, ಆರತಿ ನೀರು, ದೀಪದ ಎಣ್ಣೆ ಇವೂ ಅಷ್ಟೇ. ಮಂಟಪದ ಕೆಳಗೆ ಮೊದಲು ದಪ್ಪ ಪ್ಲಾಸ್ಟಿಕ್, ಅದರ ಮೇಲೆ ಜಮಖಾನ, ಅಂಚು ನಾಲ್ಕೂ ಕಡೆ ಎರಡಡಿ ಆಚೆ ಬರಲಿ. ಬರೀ ಪ್ಲಾಸ್ಟಿಕ್ ಹಾಕಿದರೆ ಜಾರುತ್ತೆ. ರಂಗೋಲಿಯನ್ನು ಹಲಗೆಯ ಮೇಲೆ ಮನೆಯಲ್ಲೇ ಬಿಟ್ಟು ತನ್ನಿ. ಅಕ್ಷತೆ ಹಲಗೆ ಸಂದಿಗೆ ಇಳಿದರೆ ತೆಗೆಯೋಕೆ ಆಗಲ್ಲ, ಇಲಿ ಬರುತ್ತೆ ಎಂದು ಹಾಲ್‌ನವರ ಗೋಳು, ಅದು ನಿಜ ಕೂಡ. ಬಿಡಿಹೂವಿನ ಎಸಳು ಕೊಟ್ಟರೆ ಕೆಲಸ ಸುಲಭ, ಹಿರಿಯರು ನಾಲ್ಕು ಕಾಳು ಅಕ್ಷತೆ ಬೇಕೇ ಬೇಕೆಂದರೆ ಜಮಖಾನದ ಮೇಲೆ ನಿಂತವರಿಗೆ ಮಾತ್ರ ಕೊಡಿ.

ಮೊಳೆ, ಪಿನ್, ಸ್ಟೇಪಲ್ ಯಾವುದೂ ಹಳೇ ಮರಕ್ಕೆ ಹೊಡೆಯುವ ಹಾಗಿಲ್ಲ. ತಾನೇ ನಿಲ್ಲುವ ಪೈಪು ಪರದೆ ತನ್ನಿ. ವೈರುಗಳ ಮೇಲೆ ಗ್ಯಾಫರ್ ಟೇಪು (ಅಂಟು ಉಳಿಸದೆ ಬಿಚ್ಚುವ ಬಟ್ಟೆಯ ಟೇಪು) ಹಾಕಿ, ಡಕ್ಟ್ ಟೇಪು ಬೇಡ, ಅದು ಪಾಲಿಶ್ ಸಮೇತ ಏಳುತ್ತೆ. ಮೇಜು ಎಳೆಯಬೇಡಿ, ಇಬ್ಬರು ಎತ್ತಿ ಇಡಿ. ಮಿಂಚು ಪುಡಿ, ಕಾಗದದ ಚೂರು ತರಲೇಬೇಡಿ.

## ಹಂತ 8: ಆ ದಿನ, ಮತ್ತು ಹೊರಡುವಾಗ

ಬಾಗಿಲು ತೆಗೆದ ಕೂಡಲೇ, ಒಂದು ಪೆಟ್ಟಿಗೆಯೂ ಒಳಗೆ ಬರುವ ಮುಂಚೆ, ನೆಲ, ಗೋಡೆ, ಶೌಚಾಲಯ, ಕುರ್ಚಿ ರಾಶಿ ಎಲ್ಲದರ ವಿಡಿಯೊ ಮಾಡಿ. ಹಳೇ ಗೀರುಗಳನ್ನು ಹತ್ತಿರದಿಂದ ತೆಗೆಯಿರಿ. ಬ್ರೇಕರ್ ನಕ್ಷೆಯ ಒಂದು ಪ್ರತಿ ಅಡುಗೆಮನೆಯಲ್ಲಿ, ಒಂದು ಡಿಜೆ ಹತ್ತಿರ ಅಂಟಿಸಿ. ಮದುಮಕ್ಕಳ ಮನೆಯವರಲ್ಲದ ಒಬ್ಬರಿಗೆ ಹಾಲ್‌ನ ಜವಾಬ್ದಾರಿ ವಹಿಸಿ. ಅವರ ಕೆಲಸ ಬಾಗಿಲುಗಳ ಮುಂದೆ ಏನೂ ಅಡ್ಡ ಇರದ ಹಾಗೆ ನೋಡುವುದು, ಅಷ್ಟೇ ಸಾಕು.

ಮೊಬೈಲ್ ಸಿಗ್ನಲ್ ಇಲ್ಲದ ಕಡೆ ರಾತ್ರಿ 11ಕ್ಕೆ ಊಬರ್ ಬರುವುದಿಲ್ಲ. ಹೋಟೆಲಿಗೆ ಬಸ್ ಗೊತ್ತು ಮಾಡಿ, ಸ್ವಂತ ಕಾರಿನವರಿಗೆ ರಸ್ತೆಯಲ್ಲಿ ಜಿಂಕೆ ಅಡ್ಡ ಬರುತ್ತೆ ನಿಧಾನ ಹೋಗಿ ಎಂದು ಮೈಕಿನಲ್ಲೇ ಹೇಳಿಸಿ.

ಎಲ್ಲ ಗುಡಿಸಿ ಮುಗಿದ ಮೇಲೆ ಬೀಗದ ಕೈ ಇಟ್ಟುಕೊಂಡವರ ಜೊತೆ ಒಂದು ಸುತ್ತು ಹಾಕಿ, ಅವರ ಎದುರಿಗೇ ಮತ್ತೊಂದು ವಿಡಿಯೊ ಮಾಡಿ. ಅವರು ಆಗಲೇ ಮನೆಗೆ ಹೋಗಿದ್ದರೆ ಅದೇ ರಾತ್ರಿ ವಿಡಿಯೊ ಮೇಲ್ ಮಾಡಿ, ಡೆಪಾಸಿಟ್ ಎಷ್ಟು ದಿನದೊಳಗೆ ಬರಬೇಕೆಂದು ಕರಾರಿನಲ್ಲಿದೆಯೋ ಆ ಸಾಲನ್ನೂ ಅದರಲ್ಲೇ ಹಾಕಿ.